ಬೆಳಗಿನ ತಿಂಡಿ: ಯಾರು ಬಿಡಬಹುದು, ಯಾರು ಬಿಡಲೇಬಾರದು

ಬೆಳಗಿನ ತಿಂಡಿ ಬಿಟ್ಟರೆ ಆರೋಗ್ಯ ಕೆಡುತ್ತದೆಯೇ ಎಂದು ಕೇಳುವವರಿಗೆ ಮೊದಲು ಕೇಳಬೇಕಾದ ಮರುಪ್ರಶ್ನೆ: ಯಾರು ಬಿಟ್ಟರೆ? ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವ 35 ವರ್ಷದ ಆರೋಗ್ಯವಂತ, ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ನುಂಗುವ 60 ವರ್ಷದ ಮಧುಮೇಹಿ, ರಾತ್ರಿ ಅರೆಹೊಟ್ಟೆ ಮಲಗಿ ಬೆಳಿಗ್ಗೆ ನಡೆದು ಶಾಲೆಗೆ ಬರುವ 8 ವರ್ಷದ ಹುಡುಗಿ, ಈ ಮೂವರಿಗೂ ಒಂದೇ ಉತ್ತರ ಕೊಡಲು ಸಾಧ್ಯವಿಲ್ಲ. ಆದರೂ ಎರಡು ಕಡೆಯವರು ಒಂದೇ ಉತ್ತರ ಕೊಡುತ್ತ ಬಂದಿದ್ದಾರೆ. ಮನೆಯ ಹಿರಿಯರು ‘ಏನೂ ತಿನ್ನದೆ ಹೊರಡಬೇಡ, ಗ್ಯಾಸ್ಟ್ರಿಕ್ ಆಗುತ್ತೆ’ ಎನ್ನುತ್ತಾರೆ. ರಾತ್ರಿ 8ರಿಂದ ಮರುದಿನ ಮಧ್ಯಾಹ್ನ 12ರವರೆಗೆ ಉಪವಾಸವಿರುವ ‘16:8’ ಪದ್ಧತಿಯವರು ‘ತಿಂಡಿ ಬಿಟ್ಟರೆ ಸಾಕು, ತೂಕ ತಾನಾಗಿ ಇಳಿಯುತ್ತೆ’ ಎನ್ನುತ್ತಾರೆ. ಇಬ್ಬರ ಮಾತನ್ನೂ ಪರೀಕ್ಷಿಸಿ ನೋಡಲು ಈಗ ಸಾಕಷ್ಟು ಅಧ್ಯಯನಗಳಿವೆ. ಅವುಗಳನ್ನು ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ನಮ್ಮಲ್ಲಿ ಹೆಚ್ಚಿನವರ ತೊಂದರೆ ಇರುವುದು ತಿನ್ನುವ, ಬಿಡುವ ತೀರ್ಮಾನದಲ್ಲಿ ಅಲ್ಲ, ತಟ್ಟೆಯಲ್ಲಿ ಮತ್ತು ಹಿಂದಿನ ರಾತ್ರಿಯ ಊಟದ ಹೊತ್ತಿನಲ್ಲಿ.

‘ದಿನದ ಅತಿ ಮುಖ್ಯ ಆಹಾರ ಬೆಳಗಿನದು’ ಎಂಬ ಮಾತಿನ ಹಿಂದೆ ವಿಜ್ಞಾನಕ್ಕಿಂತ ಮಾರುಕಟ್ಟೆಯ ಕೈ ದೊಡ್ಡದು. ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಊರಿನ ‘ಗುಡ್ ಹೆಲ್ತ್’ ಪತ್ರಿಕೆಯಲ್ಲಿ 1917ರಲ್ಲಿ ಪಥ್ಯಾಹಾರ ತಜ್ಞೆ ಲೆನ್ನಾ ಕೂಪರ್ ಇದನ್ನು ಬರೆದರು. ಕಾರ್ನ್‌ಫ್ಲೇಕ್ಸ್‌ಗೆ ಹೆಸರಾದ ಜಾನ್ ಹಾರ್ವೆ ಕೆಲಾಗ್ ಆ ಪತ್ರಿಕೆಯ ಸಂಪಾದಕರು. 1944ರಲ್ಲಿ ಜನರಲ್ ಫುಡ್ಸ್ ಕಂಪನಿ ‘ಗ್ರೇಪ್ ನಟ್ಸ್’ ಎಂಬ ತನ್ನ ಧಾನ್ಯದ ಸಿದ್ಧ ತಿಂಡಿ ಮಾರಲು ‘ಒಳ್ಳೆಯ ತಿಂಡಿ ತಿಂದರೆ ಕೆಲಸ ಚೆನ್ನಾಗಿ ಆಗುತ್ತದೆ’ ಎಂಬ ಪ್ರಚಾರ ನಡೆಸಿತು. ನಮ್ಮ ಹಳ್ಳಿಗಳ ಲೆಕ್ಕವೇ ಬೇರೆ ಇತ್ತು. ಹಳೇ ಮೈಸೂರಿನ ಕಡೆ ಬೆಳಿಗ್ಗೆಯೇ ಮುದ್ದೆ ಉಂಡು ಹೊಲಕ್ಕೆ ಹೋಗುವುದು, ಇಲ್ಲವೇ ತಂಗಳಿಗೆ ಮಜ್ಜಿಗೆ ಹಾಕಿಕೊಂಡು ಕುಡಿದು ಹೋಗುವುದು ರೂಢಿ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಬುತ್ತಿ ಹೊಲಕ್ಕೇ ಹೋಗುತ್ತಿತ್ತು. ಅದು ದುಡಿಮೆಗೆ ತಕ್ಕ ಊಟ. ದುಡಿಮೆ ಕುರ್ಚಿಗೆ ಬಂದ ಮೇಲೂ ಊಟದ ಪ್ರಮಾಣ ಹಾಗೇ ಉಳಿದಿರುವುದರಿಂದ ಈ ಚರ್ಚೆ ಹುಟ್ಟಿದೆ.

ತೂಕದ ಲೆಕ್ಕ

ತಿಂಡಿ ಬಿಡುವವರು ದಪ್ಪಗಾಗುತ್ತಾರೆ ಎಂಬ ತಿಳಿವಳಿಕೆ ಬಂದದ್ದು ಸಮೀಕ್ಷೆಗಳಿಂದ. ಸಾವಿರಾರು ಜನರನ್ನು ಕೇಳಿ ನೋಡಿದರೆ ತಿಂಡಿ ಬಿಡುವವರ ತೂಕ ಸರಾಸರಿಯಲ್ಲಿ ಹೆಚ್ಚಿರುವುದು ನಿಜ. ಆದರೆ ದಪ್ಪಗಿರುವವರೇ ತೂಕ ಇಳಿಸಲೆಂದು ತಿಂಡಿ ಬಿಡುತ್ತಿರಬಹುದು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಸಮೀಕ್ಷೆ ಹೇಳಲಾರದು. ಅದಕ್ಕೆ ಪ್ರಯೋಗವೇ ಬೇಕು: ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಿಂಡಿ ಕೊಟ್ಟು, ಇನ್ನೊಂದಕ್ಕೆ ಬಿಡಿಸಿ ನೋಡಬೇಕು.

ಇಂಥ 13 ಪ್ರಯೋಗಗಳನ್ನು ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಒಟ್ಟುಗೂಡಿಸಿ 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ತಿಂಡಿ ತಿಂದವರು ದಿನಕ್ಕೆ ಸುಮಾರು 260 ಕ್ಯಾಲರಿ ಹೆಚ್ಚು ತಿಂದಿದ್ದರು. ಬಿಟ್ಟವರ ತೂಕ ಸರಾಸರಿ 0.44 ಕೆ.ಜಿ. ಕಡಿಮೆ ಇತ್ತು. ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನ ಅದರ ಎರಡರಷ್ಟು ತಿನ್ನುತ್ತಾರೆ ಎಂಬ ವಾದ ಇಲ್ಲಿ ನಿಲ್ಲಲಿಲ್ಲ. ಅದೇ ಹೊತ್ತಿಗೆ ತಿಂಡಿ ಬಿಡುವುದೇ ತೂಕ ಇಳಿಸುವ ದಾರಿ ಎನ್ನಲೂ ಈ ಅರ್ಧ ಕೆ.ಜಿ. ಸಾಲದು. ಪ್ರಯೋಗಗಳು ಚಿಕ್ಕವು, ಅಲ್ಪಾವಧಿಯವು, ಹೆಚ್ಚಿನವು ಅಮೆರಿಕ ಮತ್ತು ಬ್ರಿಟನ್ನಿನವು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ 2014ರ ಪ್ರಯೋಗದಲ್ಲಿ ಇನ್ನೊಂದು ವಿಷಯ ಕಂಡಿತು. ಆರು ವಾರ ಬೆಳಿಗ್ಗೆ 11ರೊಳಗೆ ಕನಿಷ್ಠ 700 ಕ್ಯಾಲರಿ ತಿಂದವರಿಗೂ ಮಧ್ಯಾಹ್ನದವರೆಗೆ ಏನೂ ತಿನ್ನದವರಿಗೂ ತೂಕದಲ್ಲಿ ವ್ಯತ್ಯಾಸವಾಗಲಿಲ್ಲ. ಆದರೆ ತಿಂದವರು ಬೆಳಗಿನ ಹೊತ್ತು ಹೆಚ್ಚು ಓಡಾಡಿದ್ದರು, ತಿಂದ ಹೆಚ್ಚುವರಿ ಕ್ಯಾಲರಿಯ ದೊಡ್ಡ ಪಾಲು ಆ ಓಡಾಟದಲ್ಲೇ ಕರಗಿತ್ತು. ದಿನವಿಡೀ ಕುರ್ಚಿಗೆ ಅಂಟಿಕೊಂಡಿರುವವರಿಗೆ ಆ ಅವಕಾಶವಿಲ್ಲ.

16:8ರ ಕಥೆಯೂ ಇದೇ. 2020ರಲ್ಲಿ ಅಮೆರಿಕದಲ್ಲಿ 116 ಜನರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಮಾತ್ರ ತಿಂದವರಿಗೂ ಮೂರು ಹೊತ್ತು ತಿಂದವರಿಗೂ ತೂಕ ಇಳಿಕೆಯಲ್ಲಿ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡೂ ಗುಂಪಿಗೆ ಕ್ಯಾಲರಿ ಕಡಿತ ಒಂದೇ ಇತ್ತು; ಒಂದು ಗುಂಪು ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ತಿನ್ನಬೇಕಿತ್ತು. ಅಲ್ಲೂ ತೂಕದಲ್ಲಿ ಗಮನಾರ್ಹ ವ್ಯತ್ಯಾಸ ಬರಲಿಲ್ಲ. ಒಟ್ಟು ತಿನ್ನುವುದು ಕಡಿಮೆಯಾದರೆ ತೂಕ ಇಳಿಯುತ್ತದೆ. ಗಡಿಯಾರ ಅದಕ್ಕೆ ಕೆಲವರಿಗೆ ನೆರವಾಗುತ್ತದೆ, ಕೆಲವರಿಗೆ ಆಗುವುದಿಲ್ಲ. 12ಕ್ಕೆ ಉಪವಾಸ ಮುರಿದು ಎರಡು ಪ್ಲೇಟ್ ಬಿರಿಯಾನಿ ತಿನ್ನುವವರಿಗೆ ಖಂಡಿತ ಆಗುವುದಿಲ್ಲ.

ಹೃದಯದ ವಿಚಾರದಲ್ಲಿ ಎಚ್ಚರ ಬೇಕು. 26,902 ಅಮೆರಿಕನ್ ಪುರುಷರನ್ನು 16 ವರ್ಷ ಗಮನಿಸಿದ ಹಾರ್ವರ್ಡ್ ಅಧ್ಯಯನ 2013ರಲ್ಲಿ, ತಿಂಡಿ ಬಿಡುವವರಿಗೆ ಹೃದ್ರೋಗದ ಅಪಾಯ 27% ಹೆಚ್ಚು ಎಂದಿತು. ಅಂಕಿ ದೊಡ್ಡದೇ. ಆದರೆ ತಿಂಡಿ ಬಿಡುವವರಲ್ಲಿ ಸಿಗರೇಟು ಸೇದುವವರು, ಮದ್ಯ ಹೆಚ್ಚು ಕುಡಿಯುವವರು, ವ್ಯಾಯಾಮ ಮಾಡದವರು ಹೆಚ್ಚಿರುತ್ತಾರೆ. ಲೆಕ್ಕದಲ್ಲಿ ಇವನ್ನೆಲ್ಲ ಸರಿದೂಗಿಸಲು ಪ್ರಯತ್ನಿಸಿದರೂ ಅವ್ಯವಸ್ಥಿತ ಬದುಕಿನ ನೆರಳು ಪೂರ್ತಿ ಅಳಿಯುವುದಿಲ್ಲ. ಅದೇ ಅಧ್ಯಯನದಲ್ಲಿ, ಮಲಗಿದ ಮೇಲೆ ಎದ್ದು ತಿನ್ನುವ ಅಭ್ಯಾಸವಿದ್ದವರಿಗೆ ಅಪಾಯ 55% ಹೆಚ್ಚಿತ್ತು. ಈ ಎರಡನೆಯ ಅಂಕಿಯ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ಗ್ಯಾಸ್ಟ್ರಿಕ್ ಎಂಬ ಭಯ

ತಿಂಡಿ ಬಿಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಎಂಬುದು ನಮ್ಮಲ್ಲಿ ಬಹಳ ಗಟ್ಟಿ ನಂಬಿಕೆ. ಜಠರ ಮತ್ತು ಸಣ್ಣಕರುಳಿನ ಹುಣ್ಣುಗಳಿಗೆ ಮುಖ್ಯ ಕಾರಣ ಎರಡು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಮತ್ತು ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು. ಆ ಬ್ಯಾಕ್ಟೀರಿಯಾ ಕಂಡುಹಿಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರ ನೊಬೆಲ್ ಬಂತು. ಹಸಿದಾಗ ಹೊಟ್ಟೆ ಚುರುಗುಟ್ಟುವುದು, ಹುಳಿತೇಗು ಬರುವುದು ನಿಜವಾದ ತೊಂದರೆಗಳೇ. ಆದರೆ ಅವು ಹುಣ್ಣಲ್ಲ. ತಿಂಡಿ ಬಿಟ್ಟು ಮೂರು ಸಲ ಸ್ಟ್ರಾಂಗ್ ಕಾಫಿ ಕುಡಿದರೆ ಎದೆಯುರಿ ಹೆಚ್ಚುವವರಿದ್ದಾರೆ, ಅವರಿಗೆ ತಿಂಡಿ ಒಳ್ಳೆಯದು. ಎರಡು ವಾರ ಮೀರಿ ಹೊಟ್ಟೆನೋವಿದ್ದರೆ, ಮಲ ಟಾರಿನಂತೆ ಕಪ್ಪಗಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ ಅದನ್ನು ‘ಗ್ಯಾಸ್ಟ್ರಿಕ್’ ಎಂದುಕೊಂಡು ಅಂಗಡಿಯಿಂದ ಮಾತ್ರೆ ತಂದು ನುಂಗುತ್ತ ಕೂರಬಾರದು. ವೈದ್ಯರಿಗೆ ತೋರಿಸಬೇಕು.

ಇನ್ನು ‘ಸಕ್ಕರೆ ಇಳಿದುಬಿಡುತ್ತದೆ’ ಎಂಬ ಹೆದರಿಕೆ. ಆರೋಗ್ಯವಂತ ವಯಸ್ಕರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್, ಅಂದರೆ ಕೂಡಿಟ್ಟ ಗ್ಲೂಕೋಸ್, ಇರುತ್ತದೆ. ರಾತ್ರಿಯಿಡೀ ಅದೇ ರಕ್ತಕ್ಕೆ ಗ್ಲೂಕೋಸ್ ಒದಗಿಸುತ್ತದೆ, ಅದು ಕಡಿಮೆಯಾದಂತೆ ಯಕೃತ್ತು ಬೇರೆ ಮೂಲಗಳಿಂದ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ. ಆದ್ದರಿಂದ ಕಾಯಿಲೆಯಿಲ್ಲದ, ಬಸುರಿಯಲ್ಲದ, ಸಕ್ಕರೆಯ ಮಾತ್ರೆ ತೆಗೆದುಕೊಳ್ಳದ ವಯಸ್ಕರಿಗೆ ಬೆಳಿಗ್ಗೆ ಹಸಿವೇ ಇಲ್ಲದಿದ್ದರೆ ಒತ್ತಾಯಕ್ಕೆ ತಿನ್ನುವ ಅಗತ್ಯವಿಲ್ಲ. ಇಷ್ಟನ್ನು ನಿಸ್ಸಂಕೋಚವಾಗಿ ಹೇಳಬಹುದು.

ಮಧುಮೇಹವಿದ್ದರೆ ನಿಯಮ ಬೇರೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಅಧ್ಯಯನದ 2023ರ ವರದಿಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. 15.3% ವಯಸ್ಕರು ಅದರ ಹೊಸ್ತಿಲಲ್ಲಿದ್ದಾರೆ. ಹಾಗಾಗಿ ಆರೋಗ್ಯವಂತರಿಗೆ ಕೊಟ್ಟ ಮೇಲಿನ ರಿಯಾಯಿತಿ ನಮ್ಮಲ್ಲಿ ಬಹಳಷ್ಟು ಮನೆಗಳಿಗೆ ಅನ್ವಯಿಸುವುದೇ ಇಲ್ಲ.

ಟೈಪ್ 2 ಮಧುಮೇಹವಿರುವ 22 ಜನರ ಮೇಲೆ ಇಸ್ರೇಲಿನ ಸಂಶೋಧಕರು ನಡೆಸಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಎರಡು ದಿನ, ಒಂದೇ ಬಗೆಯ ಮಧ್ಯಾಹ್ನದ ಊಟ, ಒಂದೇ ಬಗೆಯ ರಾತ್ರಿಯೂಟ. ಒಂದು ದಿನ ಮಾತ್ರ ತಿಂಡಿ ಇಲ್ಲ. ತಿಂಡಿ ಬಿಟ್ಟ ದಿನ ಮಧ್ಯಾಹ್ನದ ಊಟದ ನಂತರದ ಮೂರು ಗಂಟೆಗಳಲ್ಲಿ ರಕ್ತದ ಸಕ್ಕರೆಯ ಒಟ್ಟು ಏರಿಕೆ ಸುಮಾರು 37% ಹೆಚ್ಚಿತ್ತು, ರಾತ್ರಿಯೂಟದ ನಂತರ ಸುಮಾರು 27% ಹೆಚ್ಚಿತ್ತು. ಮಧ್ಯಾಹ್ನದ ಊಟದ ನಂತರ ಇನ್ಸುಲಿನ್ ಏರುವುದೂ ಅರ್ಧ ಗಂಟೆ ತಡವಾಯಿತು. ಉಪವಾಸ ಉದ್ದವಾದಷ್ಟೂ ರಕ್ತದಲ್ಲಿ ಕೊಬ್ಬಿನಾಮ್ಲಗಳು ಹೆಚ್ಚುತ್ತವೆ, ಅವು ಸ್ನಾಯುಗಳು ಗ್ಲೂಕೋಸ್ ಹೀರಿಕೊಳ್ಳುವುದಕ್ಕೆ ಅಡ್ಡಿಯಾಗುತ್ತವೆ. ಬೆಳಗಿನ ಆಹಾರ ಹೊರಡಿಸುವ ಇನ್ಸುಲಿನ್ ಆ ಕೊಬ್ಬಿನಾಮ್ಲಗಳನ್ನು ತಗ್ಗಿಸಿ ಮುಂದಿನ ಊಟಕ್ಕೆ ದೇಹವನ್ನು ಸಿದ್ಧ ಮಾಡುತ್ತದೆ.

ಹಾಗೆಂದು ಮಧುಮೇಹಿಗಳು ಬೆಳಿಗ್ಗೆ ಎಷ್ಟಾದರೂ ತಿನ್ನಬಹುದೆಂದಲ್ಲ. ನಸುಕಿನಲ್ಲಿ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಮೊದಲಾದವು ಏರಿ ಯಕೃತ್ತಿನಿಂದ ಗ್ಲೂಕೋಸ್ ಹೊರಬರುತ್ತದೆ. ಬಹಳ ಮಧುಮೇಹಿಗಳಲ್ಲಿ ದಿನದ ಅತಿ ಎತ್ತರದ ಸಕ್ಕರೆ ಕಾಣುವುದು ತಿಂಡಿಯ ನಂತರವೇ. ತಿಂಡಿ ಬೇಕು, ಆದರೆ ಪಿಷ್ಟ ಕಡಿಮೆಯಿರುವ ತಿಂಡಿ ಬೇಕು ಎಂದು ಇದರ ಅರ್ಥ. ಗರ್ಭಿಣಿಯರಲ್ಲಿ ಬರುವ ಮಧುಮೇಹದಲ್ಲೂ ಹೀಗೇ. ಅವರು ಹೊತ್ತು ತಪ್ಪಿಸಬಾರದು, ಬೆಳಗಿನ ಪಿಷ್ಟವನ್ನು ಮಾತ್ರ ಉಳಿದ ಹೊತ್ತಿಗಿಂತ ಕಡಿಮೆ ಇಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಅಪಾಯದ ತಪ್ಪು ಮಾತ್ರೆ ನುಂಗಿ ತಿಂಡಿ ಬಿಡುವುದು. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳು ತಿಂದರೂ ತಿನ್ನದಿದ್ದರೂ ಇನ್ಸುಲಿನ್ ಹೊರಡಿಸುತ್ತವೆ. ತಿಂಡಿಗೆ ಮೊದಲು ಚುಚ್ಚಿಕೊಳ್ಳುವ 30/70 ಮಿಶ್ರ ಇನ್ಸುಲಿನ್ ಕೂಡ ಹಾಗೆಯೇ. ಆಗ ತಿನ್ನದಿದ್ದರೆ ಬೆವರು, ಕೈ ನಡುಕ, ಎದೆಬಡಿತ, ಕಣ್ಣು ಮಂಜಾಗುವುದು, ಕಾರಣವಿಲ್ಲದ ಸಿಟ್ಟು ಶುರುವಾಗುತ್ತದೆ. ಸಕ್ಕರೆ 70 ಮಿ.ಗ್ರಾಂ.ಗಿಂತ ಕೆಳಗಿದ್ದರೆ 15 ಗ್ರಾಂ, ಅಂದರೆ ಮೂರು ಟೀಚಮಚ, ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು, ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು, ಏರಿದ ಮೇಲೆ ಊಟ ಮಾಡಬೇಕು. ಈ ಹೊತ್ತಿನಲ್ಲಿ ಚಾಕೊಲೇಟ್ ಕೊಡುವುದು ಸರಿಯಲ್ಲ, ಅದರ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ನಿಧಾನಗೊಳಿಸುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಅಪಾಯ ಬಹಳ ಕಡಿಮೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರು ದೀರ್ಘ ಉಪವಾಸ ಮಾಡಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುವ ಬೇರೆ ಅಪಾಯವಿದೆ. ವೈದ್ಯರನ್ನು ಕೇಳದೆ ಯಾವ ಮಧುಮೇಹಿಯೂ 16:8 ಶುರುಮಾಡಬಾರದು.

ಲ್ಯಾಬಿನಲ್ಲೂ ತಿಂಡಿಯ ತಪ್ಪುಗಳಾಗುತ್ತವೆ. ಖಾಲಿ ಹೊಟ್ಟೆಯ ರಕ್ತ ಕೊಡುವ ಮುನ್ನ ಮಾತ್ರೆ ನುಂಗಿ ಸರದಿಯಲ್ಲಿ ಕಾಯುವುದು ಒಂದು. ಊಟದ ನಂತರದ ಪರೀಕ್ಷೆಗೆಂದು ಆವತ್ತು ಮಾತ್ರ ಒಂದೇ ಇಡ್ಲಿ ತಿನ್ನುವುದು ಇನ್ನೊಂದು. ಆ ಪರೀಕ್ಷೆಗೆ ದಿನಾ ತಿನ್ನುವ ತಿಂಡಿಯನ್ನೇ, ದಿನಾ ನುಂಗುವ ಮಾತ್ರೆಯೊಂದಿಗೇ ತಿನ್ನಬೇಕು. ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಎರಡು ಗಂಟೆ ಎಣಿಸಬೇಕು. ಇಲ್ಲದಿದ್ದರೆ ವರದಿ ಚೆನ್ನಾಗಿ ಬರುತ್ತದೆ, ಚಿಕಿತ್ಸೆ ತಪ್ಪುತ್ತದೆ.

ಥೈರಾಯ್ಡ್ ಮಾತ್ರೆಯವರಿಗೂ ಒಂದು ಮಾತು. ಲೀವೋಥೈರಾಕ್ಸಿನ್ ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ತಿನ್ನಬೇಕು. ಈ ಬಿಡುವು ಕಾಫಿಗೂ ಅನ್ವಯಿಸುತ್ತದೆ. ಮಾತ್ರೆ ನುಂಗಿದ ಐದೇ ನಿಮಿಷಕ್ಕೆ ಫಿಲ್ಟರ್ ಕಾಫಿ ಕುಡಿದರೆ ಮಾತ್ರೆ ಪೂರ್ತಿ ಹೀರಲ್ಪಡುವುದಿಲ್ಲ, ಥೈರಾಯ್ಡ್ ಕೊರತೆಯನ್ನು ತೋರಿಸುವ ಟಿಎಸ್‌ಎಚ್ ಅಂಕಿ ಇಳಿಯುವುದಿಲ್ಲ, ಡೋಸ್ ಸುಮ್ಮನೆ ಏರುತ್ತ ಹೋಗುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ.

ತಟ್ಟೆಯಲ್ಲಿ ಏನಿದೆ

ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತೀಯರ ಕ್ಯಾಲರಿಯಲ್ಲಿ 62% ಬರುವುದು ಕಾರ್ಬೋಹೈಡ್ರೇಟಿನಿಂದ, ಅದರಲ್ಲೂ ಪಾಲಿಶ್ ಮಾಡಿದ ಅಕ್ಕಿ, ಹಿಟ್ಟು, ಸಕ್ಕರೆಯಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಧಾನ್ಯಗಳಿಂದ ಬರುವ ಕ್ಯಾಲರಿ 45% ಮೀರಬಾರದೆಂದು ಹೇಳಿದೆ. ನಮ್ಮ ತಿಂಡಿಗಳನ್ನು ಈ ಅಳತೆಗೋಲಿನಲ್ಲಿ ನೋಡೋಣ.

ಮನೆಯ ಇಡ್ಲಿಗೆ 600 ಗ್ರಾಂ ಅಕ್ಕಿ, 200 ಗ್ರಾಂ ಉದ್ದಿನಬೇಳೆ ಹಾಕಿದರೆ ಸುಮಾರು 50 ಇಡ್ಲಿ ಆಗುತ್ತದೆ. ಅಷ್ಟಕ್ಕೂ ಸೇರಿ ಪ್ರೋಟೀನ್ 90 ಗ್ರಾಂ ಆಸುಪಾಸು. ಒಂದು ಇಡ್ಲಿಗೆ 2 ಗ್ರಾಂ ಕೂಡ ಇಲ್ಲ. ನಾಲ್ಕು ಇಡ್ಲಿ ತಿಂದರೆ ಪ್ರೋಟೀನ್ 7 ಗ್ರಾಂ, ಪಿಷ್ಟ 45ರಿಂದ 50 ಗ್ರಾಂ. ಮೇಲೆ ಎರಡು ಚಮಚ ಸಕ್ಕರೆಯ ಕಾಫಿ ಇನ್ನೂ 10 ಗ್ರಾಂ ಸೇರಿಸುತ್ತದೆ. 60 ಗ್ರಾಂ ಅವಲಕ್ಕಿಯಲ್ಲಿ 4 ಗ್ರಾಂ, 60 ಗ್ರಾಂ ಅಕ್ಕಿಯ ಚಿತ್ರಾನ್ನದಲ್ಲಿ ಹೆಚ್ಚೂಕಡಿಮೆ ಅಷ್ಟೇ. 30 ಗ್ರಾಂ ಕಾರ್ನ್‌ಫ್ಲೇಕ್ಸ್‌ನಲ್ಲಿ 2 ಗ್ರಾಂ. 60 ಕೆ.ಜಿ. ತೂಕದವರಿಗೆ ದಿನಕ್ಕೆ ಬೇಕಾದ ಪ್ರೋಟೀನ್ ಸುಮಾರು 50 ಗ್ರಾಂ. ಬೆಳಿಗ್ಗೆ 15ರಿಂದ 20 ಗ್ರಾಂ ಸೇರದಿದ್ದರೆ ಮುಂದಿನ ಎರಡು ಹೊತ್ತಿನಲ್ಲಿ ಅದನ್ನು ತುಂಬುವುದು ಸಸ್ಯಾಹಾರಿಗಳಿಗೆ ಕಷ್ಟ. ಎಂಟಕ್ಕೆ ತಿಂಡಿ ತಿಂದವರಿಗೆ ಹತ್ತೂವರೆಗೇ ಹಸಿವಾಗಿ ಕೈ ಬಿಸ್ಕತ್ತಿನ ಪೊಟ್ಟಣಕ್ಕೆ ಹೋಗುವುದಕ್ಕೂ ಈ ಕೊರತೆ ಒಂದು ಕಾರಣ.

ಇಡ್ಲಿ, ಉಪ್ಪಿಟ್ಟು ಬಿಟ್ಟು ವಿದೇಶಿ ತಿಂಡಿಗೆ ಹೋಗಬೇಕಿಲ್ಲ. ಜೊತೆಗಿರುವುದನ್ನು ಬದಲಿಸಿದರೆ ಸಾಕು. ನಾಲ್ಕು ಇಡ್ಲಿಯ ಬದಲು ಎರಡು, ಒಬ್ಬರಿಗೆ 30 ಗ್ರಾಂ ತೊಗರಿಬೇಳೆ ಬೀಳುವಷ್ಟು ಗಟ್ಟಿ ಸಾಂಬಾರು, 25 ಗ್ರಾಂ ಹುರಿಗಡಲೆಯ ಚಟ್ನಿ ಸೇರಿದರೆ ಪ್ರೋಟೀನ್ 15 ಗ್ರಾಂ ಮುಟ್ಟುತ್ತದೆ. ಸಾಂಬಾರು ನೀರಾದರೆ ಈ ಲೆಕ್ಕವೆಲ್ಲ ಕುಸಿಯುತ್ತದೆ. ಮೊಟ್ಟೆ ತಿನ್ನುವವರಿಗೆ ದಾರಿ ಸುಲಭ, ಒಂದು ಮೊಟ್ಟೆ 6 ಗ್ರಾಂ.

ಉಪ್ಪಿಟ್ಟನ್ನು ಹೀಗೆ ಮಾಡಬಹುದು. ನಾಲ್ವರಿಗೆ 200 ಗ್ರಾಂ ರವೆ, 100 ಗ್ರಾಂ ಹೆಸರುಬೇಳೆ, 50 ಗ್ರಾಂ ಶೇಂಗಾ, 100 ಗ್ರಾಂ ಬಟಾಣಿ ಸೇರಿ 400 ಗ್ರಾಂ ತರಕಾರಿ, 20 ಮಿ.ಲೀ. ಎಣ್ಣೆ. ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಒಗ್ಗರಣೆ ಮತ್ತು ತರಕಾರಿಯೊಂದಿಗೆ ಮೊದಲು ನೀರಿನಲ್ಲಿ 8ರಿಂದ 10 ನಿಮಿಷ ಬೇಯಿಸಬೇಕು. ಆಮೇಲೆ ಘಮ ಬರುವಂತೆ ಹುರಿದ ರವೆಯನ್ನು ಒಂದು ಕೈಯಲ್ಲಿ ಉದುರಿಸುತ್ತ ಇನ್ನೊಂದು ಕೈಯಲ್ಲಿ ತಿರುವಬೇಕು. ಬೇಳೆ ಬೇಯುವ ಮೊದಲೇ ರವೆ ಬಿದ್ದರೆ ನೀರನ್ನೆಲ್ಲ ರವೆಯೇ ಹೀರಿ ಬೇಳೆ ಗಟ್ಟಿಯಾಗಿ ಉಳಿಯುತ್ತದೆ. ನೀರು ಕುದಿಯದೆ ರವೆ ಹಾಕಿದರೆ ಗಂಟು ಕಟ್ಟುತ್ತದೆ. ರವೆಯ ಎರಡೂವರೆ ಪಟ್ಟು ಅಳತೆಯ ನೀರು ಸಾಮಾನ್ಯ ಲೆಕ್ಕ, ಬೇಳೆ ಬೇಯಲು ಇನ್ನೊಂದು ಲೋಟ. ಒಬ್ಬರ ಪಾಲಿಗೆ ಸುಮಾರು 420 ಕ್ಯಾಲರಿ, 17 ಗ್ರಾಂ ಪ್ರೋಟೀನ್. ಕೊನೆಗೆ ನಿಂಬೆಹಣ್ಣು ಹಿಂಡಿದರೆ ಬೇಳೆಯ ಕಬ್ಬಿಣ ದೇಹಕ್ಕೆ ಚೆನ್ನಾಗಿ ಸೇರುತ್ತದೆ.

ಉಪ್ಪಿಟ್ಟಿನ ಜೊತೆಗೇ ಕಾಫಿ, ಟೀ ಕುಡಿದರೆ ಅದರಲ್ಲಿರುವ ಪಾಲಿಫಿನಾಲ್‌ಗಳು ಅದೇ ಕಬ್ಬಿಣವನ್ನು ಕಟ್ಟಿಹಾಕುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 47.8% ಮಹಿಳೆಯರಿಗೆ ರಕ್ತಹೀನತೆ ಕಂಡುಬಂದಿದೆ. ಕಾಫಿಯನ್ನು ತಿಂಡಿಯಿಂದ ಒಂದು ಗಂಟೆ ದೂರ ಸರಿಸುವುದು ಖರ್ಚಿಲ್ಲದ ಉಪಾಯ. ಮನೆಗಳಲ್ಲಿ ಹೆಂಗಸರೇ ಎಲ್ಲರಿಗೂ ಬಡಿಸಿ ತಾವು ಕಾಫಿಯಲ್ಲೇ ಹೊತ್ತು ಕಳೆದು 11ಕ್ಕೆ ಉಳಿದದ್ದನ್ನು ತಿನ್ನುವ ರೂಢಿ ಇನ್ನೂ ಹೋಗಿಲ್ಲ. ಅದು ಹೋಗಬೇಕು.

ಹೆಸರುಕಾಳಿನ ದೋಸೆ, ಅಕ್ಕಿಗೆ ಸಮಪಾಲು ಹೆಸರುಬೇಳೆ ಹಾಕಿದ ಪೊಂಗಲ್, ಕಾಳು ಪಲ್ಯ ಮತ್ತು ಮೊಸರಿನೊಂದಿಗೆ ಜೋಳದ ರೊಟ್ಟಿ, ಇವೆಲ್ಲ ಆಗಲೇ ಚೆನ್ನಾಗಿರುವ ತಿಂಡಿಗಳು. ರಾಗಿಯ ಬಗ್ಗೆ ಮಾತ್ರ ಒಂದು ತಪ್ಪು ತಿಳಿವಳಿಕೆಯಿದೆ. ರಾಗಿಯಲ್ಲಿ 100 ಗ್ರಾಂಗೆ 340 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅದು ದೊಡ್ಡ ಗುಣ. ಪ್ರೋಟೀನ್ 7 ಗ್ರಾಂ ಮಾತ್ರ, ಮಿಕ್ಕದ್ದು ಹೆಚ್ಚಾಗಿ ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಸಕ್ಕರೆಯನ್ನು ಬೇಗ ಏರಿಸಬಲ್ಲದು. ಮಧುಮೇಹಿಗಳು ರಾಗಿ ಎಂದ ಮಾತ್ರಕ್ಕೆ ಅಳತೆ ಬಿಡಬಾರದು.

ರಾತ್ರಿ ಉಳಿದ ಅನ್ನದ ಚಿತ್ರಾನ್ನ ಮಾಡುವವರು ಅನ್ನವನ್ನು ಎರಡು ಗಂಟೆಯೊಳಗೆ ಆರಿಸಿ ಫ್ರಿಜ್‌ನಲ್ಲಿಡಬೇಕು. ಹೊರಗೇ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಪಲ್ಯ, ಕಾಳು, ಮೊಟ್ಟೆಯನ್ನು ಮೊದಲು ತಿಂದು ದೋಸೆ, ರೊಟ್ಟಿಯನ್ನು ಆಮೇಲೆ ತಿಂದರೆ ಸಕ್ಕರೆಯ ಏರಿಕೆ ತಗ್ಗುತ್ತದೆ. ತಿಂದ ಮೇಲೆ 10 ನಿಮಿಷ ನಡೆಯುವುದರಿಂದಲೂ ತಗ್ಗುತ್ತದೆ. ನ್ಯೂಜಿಲೆಂಡಿನ 2016ರ ಅಧ್ಯಯನದಲ್ಲಿ, ದಿನಕ್ಕೊಮ್ಮೆ 30 ನಿಮಿಷ ನಡೆದುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಮಧುಮೇಹಿಗಳ ಊಟದ ನಂತರದ ಸಕ್ಕರೆ 12% ಕಡಿಮೆಯಿತ್ತು. ಮನೆಯಲ್ಲಿ ಗ್ಲೂಕೋಮೀಟರ್ ಇರುವವರು ತಮ್ಮ ತಿಂಡಿಯನ್ನು ತಾವೇ ಅಳೆಯಬಹುದು: ತಿನ್ನುವ ಮೊದಲು ಒಮ್ಮೆ, ಮೊದಲ ತುತ್ತಿನ ಎರಡು ಗಂಟೆಗೆ ಒಮ್ಮೆ. ಎರಡನೆಯದು 180 ದಾಟುತ್ತಿದ್ದರೆ ಪ್ರಮಾಣ, ಜೊತೆಯ ಪದಾರ್ಥ, ನಡಿಗೆ ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಿ ಬೇರೊಂದು ದಿನ ಮತ್ತೆ ಅಳೆಯಬೇಕು. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ.

ಹಿಂದಿನ ರಾತ್ರಿ

ಬೆಳಿಗ್ಗೆ ಹಸಿವೇ ಆಗುವುದಿಲ್ಲ ಎನ್ನುವವರು ರಾತ್ರಿ ಎಷ್ಟಕ್ಕೆ ಊಟ ಮಾಡುತ್ತಾರೆಂದು ನೋಡಬೇಕು. ಬೆಂಗಳೂರಿನಲ್ಲಿ ಟ್ರಾಫಿಕ್ ದಾಟಿ ಮನೆ ಸೇರಿ ಹತ್ತು, ಹತ್ತೂವರೆಗೆ ದಿನದ ದೊಡ್ಡ ಊಟ ಮಾಡುವುದು ಮಾಮೂಲಾಗಿದೆ. ಇನ್ಸುಲಿನ್ ಬೆಳಿಗ್ಗೆ ಚುರುಕಾಗಿ ಕೆಲಸ ಮಾಡುತ್ತದೆ, ರಾತ್ರಿ ಮಂದವಾಗುತ್ತದೆ. ಆರೋಗ್ಯವಂತರಲ್ಲೂ ಅದೇ ಊಟ ರಾತ್ರಿ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಮಧುಮೇಹದ ಹೊಸ್ತಿಲಲ್ಲಿದ್ದ ಎಂಟು ಪುರುಷರು ಮಧ್ಯಾಹ್ನ 3ರೊಳಗೆ ದಿನದ ಊಟವೆಲ್ಲ ಮುಗಿಸಿದ 2018ರ ಅಮೆರಿಕದ ಪ್ರಯೋಗದಲ್ಲಿ ತೂಕ ಇಳಿಯದೆಯೇ ಇನ್ಸುಲಿನ್ ಕೆಲಸ ಸುಧಾರಿಸಿತ್ತು. ಎಂಟು ಜನ ಬಹಳ ಕಡಿಮೆ, 3 ಗಂಟೆಗೆ ಊಟ ಮುಗಿಸುವುದು ಯಾರಿಗೂ ಆಗದ ಮಾತು. ಆದರೂ ಉಪವಾಸ ಮಾಡುವ ಆಸೆಯಿದ್ದವರು ತಿಂಡಿ ಬಿಡುವ ಬದಲು ರಾತ್ರಿಯೂಟವನ್ನು ಬೇಗ ಮುಗಿಸುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ವಾರಕ್ಕೆ ಅರ್ಧ ಗಂಟೆಯಂತೆ ಊಟವನ್ನು ಎಂಟರ ಹತ್ತಿರ ತಂದರೆ ಬೆಳಗಿನ ಹಸಿವು ತಾನಾಗಿ ಮರಳುತ್ತದೆ. ಅದು ಆಗದಿದ್ದರೆ ಸಂಜೆ 6ಕ್ಕೆ ಕಚೇರಿಯಲ್ಲೇ ಹೊಟ್ಟೆ ತುಂಬುವಂಥದ್ದು ತಿಂದು, ರಾತ್ರಿ ಮನೆಯಲ್ಲಿ ಪಲ್ಯ, ಮಜ್ಜಿಗೆಯಷ್ಟಕ್ಕೆ ನಿಲ್ಲಿಸಬಹುದು.

ಶಾಲೆಯ ಮಕ್ಕಳು

ಮಕ್ಕಳ ವಿಷಯದಲ್ಲಿ ‘ಬಿಟ್ಟರೂ ನಡೆಯುತ್ತದೆ’ ಎಂಬ ಮಾತಿಗೆ ಜಾಗವಿಲ್ಲ. ದೇಹದ ತೂಕಕ್ಕೆ ಹೋಲಿಸಿದರೆ ಮಗುವಿನ ಮಿದುಳು ಬಳಸುವ ಗ್ಲೂಕೋಸ್ ದೊಡ್ಡವರಿಗಿಂತ ಹೆಚ್ಚು, ಸಂಗ್ರಹ ಕಡಿಮೆ. ಜಮೈಕಾದ ಹಳ್ಳಿಗಳ 16 ಶಾಲೆಗಳಲ್ಲಿ 814 ಮಕ್ಕಳ ಮೇಲೆ ಇಡೀ ಶಾಲಾ ವರ್ಷ ನಡೆದ ಪ್ರಯೋಗ 1998ರಲ್ಲಿ ಪ್ರಕಟವಾಯಿತು. ಶಾಲೆಯಲ್ಲಿ ತಿಂಡಿ ಪಡೆದವರ ಎತ್ತರ, ತೂಕ, ಹಾಜರಾತಿ ಸುಧಾರಿಸಿದವು. ಚಿಕ್ಕ ತರಗತಿಯ ಮಕ್ಕಳ ಲೆಕ್ಕದ ಅಂಕಗಳೂ ಏರಿದವು. ಹೆಚ್ಚಳ ದೊಡ್ಡದಲ್ಲದಿದ್ದರೂ ಮೊದಲೇ ಹೊಟ್ಟೆಗೆ ಕಡಿಮೆಯಿರುವ ಮಕ್ಕಳಿಗೆ ಅದರ ಬೆಲೆ ದೊಡ್ಡದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಿಸಿಯೂಟದ ಜೊತೆಗೆ ಬೆಳಗಿನ ತಿಂಡಿಯನ್ನೂ ಕೊಡಬೇಕೆಂದು ಹೇಳಿತ್ತು. ಕೇಂದ್ರದ ಬಿಸಿಯೂಟ ಯೋಜನೆಯಾದ 2021ರ ಪಿಎಂ ಪೋಷಣ್‌ನಲ್ಲಿ ಅದು ಸೇರಲಿಲ್ಲ. ತಮಿಳುನಾಡು 2022ರ ಸೆಪ್ಟೆಂಬರ್ 15ರಂದು ಮದುರೈಯಲ್ಲಿ 1ರಿಂದ 5ನೇ ತರಗತಿಯ ಮಕ್ಕಳಿಗೆ ತಿಂಡಿ ಆರಂಭಿಸಿ, 2023ರ ಆಗಸ್ಟ್‌ನಲ್ಲಿ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಿತು. ಕರ್ನಾಟಕದಲ್ಲಿ 2013ರಿಂದ ಕ್ಷೀರಭಾಗ್ಯದ 150 ಮಿ.ಲೀ. ಹಾಲಿದೆ, 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಇದೆ. ಒಳ್ಳೆಯ ಆರಂಭಗಳೇ. ಆದರೆ ಒಂದು ಲೋಟ ಹಾಲಿನಲ್ಲಿ ಸಿಗುವುದು 100 ಕ್ಯಾಲರಿ, 5 ಗ್ರಾಂ ಪ್ರೋಟೀನ್ ಆಸುಪಾಸು. ಬೆಳಿಗ್ಗೆಯೇ ಕೂಲಿಗೆ ಹೋಗುವ ತಾಯಿಯ ಮಗು ಮಧ್ಯಾಹ್ನದ ಬಿಸಿಯೂಟದವರೆಗೆ ಇಷ್ಟರ ಮೇಲೆ ಪಾಠ ಕೇಳಬೇಕು.

ಇದು ಬದಲಾಗಬೇಕಾದರೆ ಹಾಲಿನ ಜೊತೆ 300 ಕ್ಯಾಲರಿಯ ಗಟ್ಟಿ ಆಹಾರವೊಂದು ಮೊದಲ ಗಂಟೆ ಬಾರಿಸುವ ಮುಂಚೆಯೇ ಸಿಗಬೇಕು. ತಡವಾಗಿ ಕೊಟ್ಟರೆ ಬಿಸಿಯೂಟ ತಟ್ಟೆಯಲ್ಲೇ ಉಳಿಯುತ್ತದೆ. ಪ್ರತಿ ಮಗುವಿಗೆ 40 ಗ್ರಾಂ ರವೆ ಅಥವಾ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 10 ಗ್ರಾಂ ಶೇಂಗಾ ಸಾಕು. ಕಲ್ಯಾಣ ಕರ್ನಾಟಕದಲ್ಲಿ ಇದೇ ಲೆಕ್ಕಕ್ಕೆ ಜೋಳ, ಹಳೇ ಮೈಸೂರಿನಲ್ಲಿ ರಾಗಿ ಬಳಸಬಹುದು. ಇಲ್ಲಿ ಎಡವುವುದು ಸಾಮಗ್ರಿಯಲ್ಲಿ ಅಲ್ಲ, ಕೈಗಳಲ್ಲಿ. ಎಂಟಕ್ಕೆ ಒಲೆ ಹೊತ್ತಬೇಕಾದರೆ ಅಡುಗೆಯವರು ತಮ್ಮ ಮನೆಯ ಮಕ್ಕಳನ್ನು ಬಿಟ್ಟು ಏಳೂವರೆಗೆ ಶಾಲೆಗೆ ಬರಬೇಕು. ಆ ಹೆಚ್ಚುವರಿ ಎರಡು ಗಂಟೆಗೆ ಪ್ರತ್ಯೇಕ ಸಂಬಳವನ್ನು ಮೊದಲ ದಿನದ ಬಜೆಟ್ಟಿನಲ್ಲೇ ತೆಗೆದಿಡಬೇಕು, ಹಾಲು ಕಾಯಿಸುವುದನ್ನೂ ಅದೇ ಲೆಕ್ಕಕ್ಕೆ ಸೇರಿಸಬೇಕು.